ಬೀಜ ಕಟ್ಟದ ಕಾಡೀರುಳ್ಳಿಯೂ ಅಜ್ಜಿ ಚೆಲ್ಲಿದ ಶೀಶೆಯೂ

“ಅಯ್ಯೋ ಶಿವನೇ, ಸಾರಾಯಿ! ನಮ್ಮಟ್ಟೀಲಿ ಸಾರಾಯಿ!”

ಅಜ್ಜಿಯ ಕೂಗು ಕೇಳಿ ನಾನು ಜಗಲಿಯಿಂದ ಹಾರಿ ಬರುವಷ್ಟರಲ್ಲಿ ನನ್ನ ಪುಟ್ಟ ಶೀಶೆ ತಿಪ್ಪೆಗೆ ಖಾಲಿಯಾಗಿತ್ತು.

ಸ್ನೇಹಿತರೇ, ಅದು ಸಾರಾಯಿಯಲ್ಲ! ಸ್ಪಿರಿಟ್ಟಿಗೆ ಆ್ಯಸಿಡ್ ಬೆರೆಸಿ, ಕಾಡೀರುಳ್ಳಿಯ ಬೇರಿನ ತುದಿಗಳನ್ನು ಅದ್ದಿಟ್ಟಿದ್ದೆ. ಜೀವಕೋಶ ಒಡೆದು ಎರಡಾಗುವ ಗಳಿಗೆಯಲ್ಲೇ ತಡೆದು ನಿಲ್ಲಿಸಿದರೆ ಮಾತ್ರ ಒಳಗಿನ ಕ್ರೋಮೋಸೋಮುಗಳು ಕಣ್ಣಿಗೆ ಬೀಳುತ್ತವೆ. ಕಾಲೇಜಿನಲ್ಲಿ ಬಾಟನಿ ಪಾಠ ಮಾಡುವ ನನಗೆ ಇದೇ ಹುಚ್ಚು.

ದೊಡ್ಡಪ್ಪನ ಹೊಲದ ಬದುವಿನಲ್ಲಿ ಕಾಡೀರುಳ್ಳಿಯ ಒಂದು ಗುಂಪಿದೆ. ತಾಳಮಲೆ ಕಾಡಿನದಕ್ಕೂ ಇದಕ್ಕೂ ನೋಡಲು ವ್ಯತ್ಯಾಸವೇ ಇಲ್ಲ. ಆದರೆ ಅದು ಕಾಯಿ ಕಟ್ಟುತ್ತದೆ. ಇದು ಹೂ ಉದುರಿಸಿ ಸುಮ್ಮನಾಗುತ್ತದೆ.

ಯಾಕೆ?

ಮತ್ತೆ ಬೇರು ತರಲು ಓಡಿದರೆ... ಬದುವಿನ ಎದುರೇ ಟ್ರ್ಯಾಕ್ಟರ್! ಅರಿಶಿನ ಹಾಕಲು ದೊಡ್ಡಪ್ಪ ಬದು ಒಡೆಸಲು ಹೊರಟಿದ್ದಾರೆ.

ನಮ್ಮಪ್ಪ ಊರ ನಾಟಕದಲ್ಲಿ ರಾಜಪಾರ್ಟಿನವರು. ಮೈಕ್ ಬೇಡದ ಆ ಗಂಟಲು ನನಗೇ ಬಂದಿದೆ. ಎರಡೂ ಕೈ ಚಾಚಿ, “ನಿಲ್ಲಿಸು ರಥವನ್ನು!” ಎಂದು ಅಬ್ಬರಿಸಿದೆ. ಡ್ರೈವರ್ ಇಂಜಿನ್ನೇ ಆಫ್ ಮಾಡಿಬಿಟ್ಟ. ಇದು ಕಾಡಿನದಲ್ಲ, ಬೇರೆಯೇ ಜಾತಿ ಇರಬಹುದು ಎಂದು ದೊಡ್ಡಪ್ಪನಿಗೆ ಹೇಳಿದೆ.

“ನಿಮ್ಮಪ್ಪಂಗಾರೆ ಕಿರೀಟ ಇತ್ತು ಕೂಸೆ,” ಅಂದರು ದೊಡ್ಡಪ್ಪ. “ಮೇಕೆನೂ ಮೂಸಾಕಿಲ್ಲ ಕಣವ್ವ ಆ ಗೆಡ್ಡೆಯ. ಬ್ಯಾರೆ ಜಾತಿ ಅಂತ ತೋರ್ಸು, ಬುಟ್ಬುಡ್ತೀನಿ. ನಾಡಿದ್ದುಗಂಟ ಟೈಮು.”

ಈ ಸಲ ಶೀಶೆಗೆ ಅಜ್ಜಿಯೇ ಕಾವಲು. ಮೂಗಿಗೆ ಸೆರಗು, ಪಕ್ಕದಲ್ಲಿ ಕೋಲು!

ನಾಡಿದ್ದು ಬಂತು. ಬೇರಿನ ತುದಿಗೆ ಕೆಂಪು ಬಣ್ಣ ಹಿಡಿಸಿ, ಗಾಜುಗಳ ನಡುವೆ ಇಟ್ಟು ಹೆಬ್ಬೆರಳಿನಿಂದ ಒತ್ತಿ, ಕಾಲೇಜಿನಿಂದ ತಂದ ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟೆ. ಮಂಜು... ಬರೀ ಮಂಜು... ಆಮೇಲೆ ಪರದೆ ಸರಿಯಿತು!

ಜೋಡಿ ಜೋಡಿಯಾಗಿರಬೇಕಾದ ಕ್ರೋಮೋಸೋಮುಗಳು ಇಲ್ಲಿ ಮೂರು ಮೂರು! ಒಟ್ಟು ಮೂವತ್ತು. ಕಾಡಿನದರಲ್ಲಿ ಇಪ್ಪತ್ತೇ ನೋಡಿದ್ದೆ.

ಬೀಜ ಕಟ್ಟಬೇಕಾದರೆ ಕ್ರೋಮೋಸೋಮುಗಳು ಮೊದಲು ಸಮನಾಗಿ ಎರಡು ಪಾಲಾಗಬೇಕು. ಮೂರನ್ನು ಇಬ್ಬರಿಗೆ ಸಮ ಪಾಲು ಮಾಡುವುದು ಹೇಗೆ? ಅದಕ್ಕೇ ಬೀಜವಿಲ್ಲ. ಯಾವ ಕಾಲದಲ್ಲೋ ಎರಡು ಬಗೆಯ ಗಿಡಗಳು ಕೂಡಿ ಹುಟ್ಟಿದ ಕವಲಿರಬೇಕು ಇದು.

ದೊಡ್ಡಪ್ಪ ಒಂದು ಕಣ್ಣು ಮುಚ್ಚಿ ನೋಡಿದರು. “ಕೆಂಪ್ ದಾರ ಕತ್ತರ್ಸಿ ಚೆಲ್ದಂಗದೆ. ಬ್ಯಾರೆ ಜಾತಿನಾ?”

ಹೌದು ಅಂದುಬಿಟ್ಟರೆ ಬದು ಉಳಿಯುತ್ತದೆ... ಆದರೆ ಇಷ್ಟನ್ನೇ ನೋಡಿ ಹಾಗೆ ಹೇಳುವಂತಿಲ್ಲ. ರಾಜಪಾರ್ಟಿನ ಗಂಟಲು ಆಗ ಕುಗ್ಗಿಹೋಯಿತು.

“ಗೊತ್ತಿಲ್ಲ ದೊಡ್ಡಪ್ಪ. ಬೀಜ ಇಲ್ದೆ ಬರೀ ಗೆಡ್ಡೇಲೇ ಬದ್ಕ್ತದೆ ಅನ್ನೋದಷ್ಟೇ ಗೊತ್ತು.”

ಅವರು ಇನ್ನೊಮ್ಮೆ ಬಗ್ಗಿ ನೋಡಿದರು. “ಅಂಗಾರೆ ನಾವ್ ಕಿತ್ರೆ ಮುಗೀತು ಅನ್ನು.”

ಎದ್ದು ಹೋದರು.

ಕೆಲವು ವಾರ ಕಳೆದು ಇವತ್ತು ಹೊಲಕ್ಕೆ ಹೋಗಿದ್ದೆ. ಅರಿಶಿನದ ಸಾಲುಗಳು ನೆಟ್ಟಗೆ ಬಂದು, ಆ ಮೂಲೆಯಲ್ಲಿ ಮಾತ್ರ ಬಳಸಿಕೊಂಡು ಹೋಗಿವೆ. ನಡುವೆ ಕಾಡೀರುಳ್ಳಿ ಹಸಿರಾಗಿ ಎಲೆ ಬಿಚ್ಚಿ ನಿಂತಿದೆ!

ನಿಮ್ಮ ಬದುವಿನಲ್ಲೂ ಹೂ ಬಿಟ್ಟು ಕಾಯಿ ಕಟ್ಟದ ಗಿಡವೇನಾದರೂ ಇದೆಯಾ? ಟ್ರ್ಯಾಕ್ಟರ್ ಬರುವ ಮುಂಚೆ ನನಗೊಂದು ಕೂಗು ಹಾಕ್ತೀರಾ?