ಗಟ್ಟಿ ಸ್ಪ್ರಿಂಗಿನ ಸಿದ್ದಲಿಂಗಸ್ವಾಮಿ

ರಾಮಕೃಷ್ಣನಗರದ ಸಿದ್ದಲಿಂಗಸ್ವಾಮಿಯ ಬುಲೆಟ್ಟನ್ನು ಎಂಟು ವರ್ಷ ರಿಪೇರಿ ಮಾಡಿದವನು ನಾನು. ಗಾಡಿಯ ಬಗ್ಗೆ ನನ್ನದೇನೂ ತಕರಾರಿಲ್ಲ. ತೊಂಬತ್ತೊಂದರ ಮಾಡೆಲ್ಲು, ಒಳ್ಳೆಯ ಇಂಜಿನ್ನು, ಸರಿಯಾಗಿ ಒದ್ದರೆ ಒಂದೇ ಕಿಕ್ಕಿಗೆ ಎದ್ದು ಕೂರುತ್ತಿತ್ತು. ತಕರಾರೆಲ್ಲ ಅದರ ಮೇಲೆ ಕೂರುತ್ತಿದ್ದ ಮನುಷ್ಯನ ಬಗ್ಗೆ.

ಅವನ ತಂದೆ ಕರಿಬಸವಯ್ಯನವರು ಸಂತೇಪೇಟೆಯಲ್ಲಿ ಹಿತ್ತಾಳೆ ಪಾತ್ರೆಯ ವ್ಯಾಪಾರ ಮಾಡಿದವರು. ಮಠದ ದಾಸೋಹಕ್ಕೆ ಕೊಳದಪ್ಪಲೆ ಬೇಕೆಂದರೆ ಅವರ ಅಂಗಡಿಗೇ ಹೇಳಿ ಕಳಿಸುತ್ತಿದ್ದರು. ಮಾತು ಕಡಿಮೆ, ತಕ್ಕಡಿ ಸರಿ ಎಂದು ಹೆಸರಾಗಿದ್ದವರು. ಮಗನಿಗೆ ತಕ್ಕಡಿ ಬೇಡವಾಯಿತು, ಮಾತು ಮಾತ್ರ ಎಲ್ಲಿಂದಲೋ ಬಂತು. ಹೆಬ್ಬಾಳದ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದ. ಅಂದರೆ ಕೇಳಿದವರಿಗೆ ನಟ್ಟು ಬೋಲ್ಟು ಕೊಟ್ಟು ಸಹಿ ಹಾಕಿಸಿಕೊಳ್ಳುವ ಕೆಲಸ. ಆ ಕೆಲಸಕ್ಕೆ ಹೋಗಿಬರಲು ಅವನು ಹಾಕುತ್ತಿದ್ದ ವೇಷ ನೋಡಬೇಕಿತ್ತು. ಬೇಸಿಗೆಯಲ್ಲೂ ಚರ್ಮದ ಜಾಕೆಟ್ಟು, ಮಂಡಿಗೆ ಪ್ಯಾಡು, ಅರ್ಧ ಕಾಲಿನವರೆಗೆ ಬೂಟು. ಶಿಫ್ಟ್ ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದ ನೋಡಿ ನಗುತ್ತಿದ್ದರು. ಅವನು ಅದನ್ನು ಮೆಚ್ಚುಗೆ ಎಂದುಕೊಂಡು ಅವರಿಗೆ ಕೈ ಬೀಸುತ್ತಿದ್ದ.

ಪೆಟ್ರೋಲ್ ಟ್ಯಾಂಕಿನ ಮೇಲೆ ಲಡಾಖಿನ ಸ್ಟಿಕ್ಕರು ಅಂಟಿಸಿಕೊಂಡಿದ್ದ. ಆ ಗಾಡಿ ಕಂಡ ಅತಿ ದೂರದ ಊರು ಊಟಿ, ಅದೂ ಒಂದೇ ಸಲ, ಮದುವೆಯಾದ ಹೊಸದರಲ್ಲಿ. ಉಳಿದಂತೆ ಭಾನುವಾರ ಬೆಳಿಗ್ಗೆ ಚಾಮುಂಡಿಬೆಟ್ಟದ ಬುಡಕ್ಕೆ ಹೋಗುವುದು, ಇವನಂಥವರೇ ಐದಾರು ಜನ ಸೇರಿ ಇಡ್ಲಿ ತಿನ್ನುವುದು, ಹಿಮಾಲಯದ ಮಾತಾಡಿ ಬಿಸಿಲೇರುವ ಮೊದಲು ಮನೆ ಸೇರುವುದು. ಆ ಬಳಗಕ್ಕೆ ಇವನೇ ಅಧ್ಯಕ್ಷ. ಇಡ್ಲಿ ತಿನ್ನುವುದಕ್ಕೂ ಅಧ್ಯಕ್ಷ ಬೇಕಾಗುತ್ತಾನೆ ಎಂದು ನನಗೆ ಗೊತ್ತಾದದ್ದು ಆಗಲೇ.

ನಾನು ಯೋಗೇಂದ್ರ. ಇದೇ ಊರಿನ ಮೋಟಾರ್ ಸೈಕಲ್ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ ದುಡಿದವನು. ಜೋಡಿಸಿದ ಗಾಡಿಗಳನ್ನು ಓಡಿಸಿ ಪರೀಕ್ಷೆ ಮಾಡುವ ಸೆಕ್ಷನ್ನಿನಲ್ಲಿದ್ದೆ. ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಕೆಸರೆಯಲ್ಲಿ ಒಂದು ಶೆಡ್ಡು ಹಾಕಿಕೊಂಡೆ. ಆ ಕಾರ್ಖಾನೆಯಿಂದ ಬಂದವರಿಗೆಲ್ಲ ಒಂದು ಕೊಬ್ಬು ಇರುತ್ತದೆ, ಎರಡು ಚಕ್ರದ ಮೇಲೆ ಓಡುವುದು ಯಾವುದೇ ಇರಲಿ, ನಮ್ಮಷ್ಟು ತಿಳಿದವರು ಊರಲ್ಲಿಲ್ಲ ಎಂದು. ನನಗೂ ಇದೆ. ಇಲ್ಲ ಎಂದು ಸುಳ್ಳು ಹೇಳುವುದಿಲ್ಲ.

ಶಾಕಬ್ಸರ್ ಹಾಕುವುದಕ್ಕೆ ನಮ್ಮದೊಂದು ಪದ್ಧತಿ. ಗಾಡಿ ಓಡಿಸುವವರೂ ಬರಬೇಕು, ದಿನಾ ಹಿಂದೆ ಕೂರುವವರೂ ಬರಬೇಕು. ಖಾಲಿ ಗಾಡಿಯಲ್ಲಿ ಚಕ್ರದ ಅಚ್ಚಿನಿಂದ ಸೀಟಿನ ಬೋಲ್ಟಿನವರೆಗೆ ಸ್ಕೇಲು ಹಿಡಿದು ಒಂದು ಅಳತೆ, ಇಬ್ಬರನ್ನೂ ಕೂರಿಸಿ ಇನ್ನೊಂದು ಅಳತೆ. ಒಂದು ಇಂಚಿನಷ್ಟು ಇಳಿದರೆ ಸ್ಪ್ರಿಂಗು ಅವರಿಗೆ ಸರಿಯಾಗಿದೆ ಎಂದು ಅರ್ಥ. ಇಳಿಯದೇ ಹೋದರೆ ರಸ್ತೆಯ ಪೆಟ್ಟನ್ನೆಲ್ಲ ಕೂತವರ ಬೆನ್ನುಮೂಳೆಯೇ ತಿನ್ನಬೇಕು. ಅದರಲ್ಲೂ ಹಿಂದೆ ಕೂತವರದು. ಮುಂದಿರುವವನಿಗೆ ಹಳ್ಳ ಕಾಣುತ್ತದೆ, ಕಾಲೂರಿ ಸೊಂಟ ಎತ್ತುತ್ತಾನೆ. ಹಿಂದಿನವರಿಗೆ ಕಾಣುವುದು ಅವನ ಬೆನ್ನು ಮಾತ್ರ. ಕೆಸರೆಯ ಜನ ಗಂಡ ಹೆಂಡತಿ ಒಟ್ಟಿಗೇ ಬರುತ್ತಿದ್ದರು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಾ ಹತ್ತಿ ಕೂರುತ್ತಿದ್ದರು. ನಾನು ಮಂಡಿಯೂರಿ ಅಳತೆ ಹೇಳಿದರೆ ಪಕ್ಕದ ಟೀ ಅಂಗಡಿಯ ಚೆಲುವಯ್ಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಳ್ಳುತ್ತಿದ್ದ.

ಸ್ವಾಮಿಯ ಹೆಂಡತಿ ಹೇಮಶ್ರೀ ಒಂದು ಖಾಸಗಿ ಶಾಲೆಯಲ್ಲಿ ಟೀಚರು. ಎರಡು ಸಾವಿರದ ಮೂರರಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಡಿಸ್ಕು ಸರಿದಿತ್ತು. ಆರು ತಿಂಗಳು ಬೆಲ್ಟು ಕಟ್ಟಿಕೊಂಡೇ ಪಾಠ ಮಾಡಿದರು. ಮಾರನೆಯ ವರ್ಷ ದಸರೆ ರಜೆ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಆಟೋದಲ್ಲಿ ನನ್ನ ಶೆಡ್ಡಿಗೆ ಬಂದರು. ಒಬ್ಬರೇ ಬಂದಿದ್ದರು.

"ಯೋಗಣ್ಣ, ರಜೆಗೆ ಶ್ರೀಶೈಲಕ್ಕೆ ಹೋಗ್ತಿದ್ದೀವಿ. ಬೈಕಲ್ಲೇ ಅಂತಿದ್ದಾರೆ ಇವರು. ಅದಕ್ಕೇ ಹೊಸ ಶಾಕಬ್ಸರ್ ಹಾಕಿಸ್ತಾರಂತೆ."

"ಟ್ರೈನಲ್ಲಿ ಹೋಗ್ಬೋದಲ್ಲ ಮೇಡಂ, ನಿಮ್ಮ ಬೆನ್ನು..."

"ನನಗೂ ಬೈಕಲ್ಲೇ ಹೋಗ್ಬೇಕು ಅಂತ ಆಸೆ. ಹಿಂದೆ ಊಟಿಗೆ ಹೋಗಿದ್ವಲ್ಲ, ಅಷ್ಟು ಖುಷಿ ನನಗೆ ಆಮೇಲೆ ಯಾವತ್ತೂ ಆಗ್ಲಿಲ್ಲ." ಸ್ವಲ್ಪ ನಾಚಿಕೊಂಡರು. "ಡಾಕ್ಟ್ರು ಹೇಳಿದ್ದಾರೆ, ಜೋರಾಗಿ ಕುಲುಕಬಾರದಂತೆ. ಇನ್ನೊಂದ್ಸಲ ಸರಿದ್ರೆ ನಿಂತು ಪಾಠ ಮಾಡೋದು ಮರೆತುಬಿಡಿ ಅಂದ್ರು. ನನ್ನ ಬೆನ್ನು ತಡೆಯೋ ಥರ ಮಾಡ್ಕೊಡ್ತೀರಾ?"

"ಮಾಡ್ಕೊಡ್ತೀನಿ. ಮೆತ್ತಗಿನ ಸ್ಪ್ರಿಂಗ್ ಹಾಕಿದ್ರೆ ಏನೂ ಆಗಲ್ಲ. ಇಬ್ರೂ ಬಂದು ಗಾಡಿ ಮೇಲೆ ಕೂತ್ಕೊಳ್ಳಿ, ಅಳತೆ ತಗೋತೀನಿ."

"ಭಾನುವಾರ ಬರ್ತೀವಿ. ನಾನು ಬಂದಿದ್ದೆ ಅಂತ ಮಾತ್ರ ಅವರಿಗೆ ಹೇಳ್ಬೇಡಿ."

ಭಾನುವಾರ ಬಂದದ್ದು ಸ್ವಾಮಿಯ ಸವಾರಿ ಮಾತ್ರ. ಕಂಕುಳಲ್ಲಿ ಒಂದು ಪೆಟ್ಟಿಗೆ, ಕೈಯಲ್ಲಿ ಸೈಬರ್ ಸೆಂಟರಿನಲ್ಲಿ ತೆಗೆಸಿದ ಹಾಳೆಗಳ ಕಟ್ಟು. ಪೆಟ್ಟಿಗೆಯಲ್ಲಿ ಎರಡು ಗ್ಯಾಸ್ ಶಾಕಬ್ಸರು. ಕೆಂಪು ಬಣ್ಣದ ಸ್ಪ್ರಿಂಗು, ಪಕ್ಕಕ್ಕೆ ಅಂಟಿಕೊಂಡ ಪುಟ್ಟ ಡಬ್ಬಿ, ನೋಡುವುದಕ್ಕೆ ಚೆಂದವೇ. ಒಂದನ್ನು ನೆಲಕ್ಕೆ ಊರಿ ಮೈಭಾರವನ್ನೆಲ್ಲ ಬಿಟ್ಟು ಒತ್ತಿದೆ. ಕೂದಲೆಳೆಯಷ್ಟೂ ಜಗ್ಗಲಿಲ್ಲ. ರೇಸು ಓಡಿಸುವವರು ಹಾಕಿಕೊಳ್ಳುವ ಸಾಮಾನು ಅದು. ಇವನಿಗೆ ಯಾರೋ ಬೆಂಗಳೂರಿನ ಗೆಳೆಯ ದಾಟಿಸಿದ್ದ.

"ಮೇಡಂ ಬರ್ಲಿಲ್ವಾ ಸಾರ್? ಅಳತೆ ತಗೋಬೇಕಲ್ಲ."

"ಅವಳೂ ಹೊರಟು ನಿಂತಿದ್ಲು, ನಾನೇ ಬೇಡ ಅಂದೆ. ಗ್ರೀಸ್ ಮಧ್ಯ ಕೂರಿಸಿ ಅಳೆಯೋಕೆ ಅವಳೇನು ಅಕ್ಕಿ ಮೂಟೇನಾ? ಅಳತೆ ಎಲ್ಲ ಈ ಹಾಳೇಲೇ ಇದೆ ಕಣಯ್ಯ."

"ಹೋಗ್ಲಿ, ತೂಕನಾದ್ರೂ ಹೇಳಿ."

"ಎಷ್ಟಿರುತ್ತೆ, ಒಂದೈವತ್ತು ಅಂತ ಹಾಕ್ಕೊ."

ಒಂಬತ್ತು ವರ್ಷ ಸಂಸಾರ ಮಾಡಿದ ಹೆಂಡತಿಯ ತೂಕ ಅವನಿಗೆ ಗೊತ್ತಿರಲಿಲ್ಲ. ಆದರೆ ಸ್ಪ್ರಿಂಗಿನ ತಂತಿ ಎಷ್ಟು ಮಿಲಿಮೀಟರು ದಪ್ಪ ಎನ್ನುವುದು ಬಾಯಿಪಾಠವಾಗಿತ್ತು. ಅದನ್ನೇ ನನಗೆ ಓದಿ ಹೇಳತೊಡಗಿದ. ಬಿಗಿಯಾದಷ್ಟೂ ಗಾಡಿ ನೆಲ ಕಚ್ಚುತ್ತದಂತೆ. ದೂರ ಪ್ರಯಾಣಕ್ಕೆ ಸ್ಪ್ರಿಂಗು ಬಿಗಿ ಮಾಡುವ ರಿಂಗನ್ನು ಕೊನೆಯ ಹಲ್ಲಿಗೇ ಕೂರಿಸಬೇಕಂತೆ. ಮುಂದಿನ ಚಕ್ರ ಹಿಡಿದಿರುವ ಫೋರ್ಕಿಗೂ ಸ್ಪ್ರಿಂಗಿನ ಮೇಲೆ ಪೈಪಿನ ತುಂಡು ಇಟ್ಟು ಗಟ್ಟಿ ಮಾಡಬೇಕಂತೆ, ಮಂದವಾದ ಆಯಿಲ್ ತುಂಬಬೇಕಂತೆ. ಹಾಳೆಯಲ್ಲಿ ಅದು ಯಾವ ದೇಶದ ಯಾವ ರಸ್ತೆಗೆ ಬರೆದಿತ್ತೋ, ಪುಣ್ಯಾತ್ಮ ಅದನ್ನೊಂದು ಬಿಟ್ಟು ಎಲ್ಲ ಓದಿದ.

"ಸಾರ್, ಇದು ಇಬ್ರು ಕೂತ್ಕೊಂಡು ಹೋಗೋ ಸ್ಪ್ರಿಂಗ್ ಅಲ್ಲ. ನಮ್ಮ ಫ್ಯಾಕ್ಟ್ರೀಲಿ..."

"ನಿಮ್ಮ ಫ್ಯಾಕ್ಟ್ರಿ ಮುಚ್ಚಿದ್ದೇ ಇದಕ್ಕೆ ಕಣಯ್ಯ. ಸ್ಕೇಲ್ ಹಿಡ್ಕೊಂಡು ಕೂತ್ರಿ, ಹೊಸದು ಕಲೀಲಿಲ್ಲ."

ನನ್ನ ಮೈ ಉರಿದುಹೋಯಿತು. ಹದಿನಾಲ್ಕು ವರ್ಷದ ಕೆಲಸ, ಗೇಟಿಗೆ ಬೀಗ ಬಿದ್ದ ದಿನ ಟಿಫನ್ ಕ್ಯಾರಿಯರ್ ಹಿಡಿದು ಮನೆಗೆ ನಡೆದುಕೊಂಡು ಬಂದದ್ದು, ಎಲ್ಲ ಒಟ್ಟಿಗೇ ನೆನಪಾಯಿತು. ನಟ್ಟು ಎಣಿಸುವವನು ನನಗೆ ಗಾಡಿ ಕಲಿಸುತ್ತಾನೆ.

"ನೀವ್ ಹೇಳಿದಂಗೇ ಆಗ್ಲಿ ಸಾರ್" ಎಂದೆ.

ಹೇಳಿದ ಹಾಗೆಯೇ ಮಾಡಿದೆ, ಒಂದಿಷ್ಟೂ ಕಮ್ಮಿ ಮಾಡಲಿಲ್ಲ. ಹಿಂದೆ ಕೊನೆಯ ಹಲ್ಲು. ಮುಂದೆ ಅವನು ಕೇಳಿದ್ದಕ್ಕಿಂತ ಅರ್ಧ ಇಂಚು ಉದ್ದದ ಪೈಪೇ ಇಟ್ಟೆ. ಫೋರ್ಕಿಗೆ ಆಯಿಲ್ ಕಂಠಮಟ್ಟ ತುಂಬಿದೆ. ಕೆಲಸ ಮುಗಿದ ಮೇಲೆ ಅವನು ಗಾಡಿಯ ಮೇಲೆ ಕೂತು ಎಗರಿ ನೋಡಿದ. ಗಾಡಿ ಕಲ್ಲುಬೆಂಚಿನಂತೆ ನಿಂತೇ ಇತ್ತು. "ಈಗ ನೋಡು, ಇದು ಟೂರಿಂಗ್ ಗಾಡಿ" ಎಂದು ನನ್ನ ಭುಜ ತಟ್ಟಿ ಹೋದ.

ಚೆಲುವಯ್ಯ ಸೀಮೆಸುಣ್ಣ ಹಿಡಿದುಕೊಂಡೇ ನಿಂತಿದ್ದ. "ಯೋಗಣ್ಣ, ಇಂದ್ಗಡೆ ಯಾರ್ನೂ ಕೂರಿಸ್ಲೇ ಇಲ್ವಲ್ಲ? ಆ ಟೀಚರಮ್ಮ ಬಂದು ಬೆನ್ನಿನ ವಿಸ್ಯ ಏಳ್ಬುಟ್ಟೋದ್ರಲ್ಲ ಮೊನ್ನೆ?"

"ಬುಡು ಚೆಲುವಯ್ಯ. ನಾಳೀಕೆ ಸೊಂಟ ಹಿಡ್ಕೊಂಡು ಅವ್ನೇ ಬತ್ತಾನೆ. ಬಂದು ಕೈ ಮುಗೀಲಿ, ಆಗ ಸರಿ ಮಾಡ್ಕೊಟ್ರಾಯ್ತು."

ಅದೇ ನನ್ನ ಲೆಕ್ಕಾಚಾರ. ಹಳೆಯ ಶಾಕಬ್ಸರುಗಳನ್ನು ಎಣ್ಣೆ ಹಾಕಿ ಒರೆಸಿ ತೆಗೆದಿಟ್ಟೆ. ಅವನು ಬಂದಾಗ ಯಾವ ಮಾತು ಆಡಬೇಕು ಎನ್ನುವುದನ್ನೂ ಯೋಚಿಸಿ ಇಟ್ಟುಕೊಂಡಿದ್ದೆ.

ಸೋಮವಾರ ಅವನು ಬರಲಿಲ್ಲ. ಜಂಬೂಸವಾರಿಯ ನೂಕುನುಗ್ಗಲು ಶುರುವಾಗುವ ಮುಂಚೆ ಊರು ಬಿಡಬೇಕೆಂದು ಆವತ್ತೇ ಬೆಳಿಗ್ಗೆ ಹೆಂಡತಿಯನ್ನು ಕೂರಿಸಿಕೊಂಡು ಹೊರಟುಬಿಟ್ಟಿದ್ದ. ಬಳಗದವರು ಬಂದು ಹಾರ ಹಾಕಿ ಕಳಿಸಿದರಂತೆ. ಆಗ ಬೆಂಗಳೂರು ರಸ್ತೆ ಅಗಲ ಮಾಡುವ ಕೆಲಸ ನಡೆಯುತ್ತಿತ್ತು. ಮೈಲಿಗೊಂದು ಅಗೆದ ಗುಂಡಿ, ಜಲ್ಲಿ ರಾಶಿ, ಮಣ್ಣಿನ ಅಡ್ಡದಾರಿ. ಮಂಡ್ಯ ದಾಟುವಾಗಲೇ ಹೇಮಶ್ರೀ ನಿಧಾನ ಹೋಗಿ ಎಂದರಂತೆ. ಬಿಗಿ ಸ್ಪ್ರಿಂಗಿಗೆ ವೇಗ ಬೇಕು, ನಿಧಾನ ಹೋದರೇ ಕುಲುಕುವುದು ಜಾಸ್ತಿ ಎಂದು ಈ ಮಹಾನುಭಾವ ವಿವರಿಸಿದನಂತೆ. ಮದ್ದೂರಿನಲ್ಲಿ ವಡೆ ತಿನ್ನಲು ನಿಂತಾಗ ಬಸ್ಸಿಗೆ ಹತ್ತಿಸಿಬಿಡಿ ಎಂದು ಕೇಳಿದರಂತೆ. ಹಾರ ಹಾಕಿ ಕಳಿಸಿದವರಿಗೆ ಏನು ಹೇಳುವುದು ಎಂದನಂತೆ. ಚನ್ನಪಟ್ಟಣದಲ್ಲಿ ಗಾಡಿ ನಿಲ್ಲಿಸಿದಾಗ ಅವರಿಗೆ ಇಳಿಯಲು ಆಗಲಿಲ್ಲ. ಎಡಗಾಲು ತನ್ನದೇ ಅಲ್ಲ ಎನ್ನುವಂತೆ ನೇತಾಡುತ್ತಿತ್ತಂತೆ. ಮೂರು ಜನ ಹಿಡಿದು ಇಳಿಸಿ ಒಂದು ವ್ಯಾನಿನಲ್ಲಿ ಮಲಗಿಸಿದರು. ಸ್ವಾಮಿ ವ್ಯಾನಿನಲ್ಲಿ ಹೋಗಲಿಲ್ಲ. ಗಾಡಿಯನ್ನು ಅಲ್ಲಿ ಬಿಡುವುದು ಹೇಗೆಂದು ಹಿಂದೆಯೇ ಓಡಿಸಿಕೊಂಡು ಮೈಸೂರಿಗೆ ಬಂದ.

ಇದನ್ನೆಲ್ಲ ನನಗೆ ಹೇಳಿದವನು ಅವನೇ, ಮೂರು ವಾರ ಬಿಟ್ಟು, ನನ್ನದೇ ಶೆಡ್ಡಿನಲ್ಲಿ ಟೀ ಕುಡಿಯುತ್ತಾ. ಆಪರೇಷನ್ ಆಯಿತು ಎಂದ. ಶಾಲೆಯವರು ಬೇರೆ ಟೀಚರನ್ನು ತೆಗೆದುಕೊಂಡರು ಎಂದ. ಆಮೇಲೆ ಲೋಟ ಕೆಳಗಿಟ್ಟು, "ಆದ್ರೆ ಶಾಕಬ್ಸರ್ ಮಾತ್ರ ಸೂಪರ್ ಕಣಯ್ಯ. ಬರೋವಾಗ ಒಬ್ನೇ ಇದ್ನಲ್ಲ, ಎಂಬತ್ತರಲ್ಲಿ ಬಂದೆ, ಅಲ್ಲಾಡ್ಲಿಲ್ಲ" ಎಂದ. ಇಂಥ ಮನುಷ್ಯನನ್ನು ಏನೆಂದು ಕರೆಯಬೇಕು? ನನಗೆ ಗೊತ್ತಿರುವ ಬೈಗುಳ ಯಾವುದೂ ಅವನಿಗೆ ಸಾಲದು.

ಸಂಕ್ರಾಂತಿ ಕಳೆದ ಮೇಲೆ ಫೋರ್ಕಿನಿಂದ ಆಯಿಲ್ ಸೋರುತ್ತಿದೆ, ಮನೆಗೇ ಬಾ ಎಂದು ಫೋನು ಮಾಡಿದ. ಹೋದೆ. ಅವನು ಸ್ನಾನಕ್ಕೆ ಹೋಗಿದ್ದ. ನಡುಮನೆಯಲ್ಲಿ ಹಲಗೆಯ ಮಂಚದ ಮೇಲೆ ಹೇಮಶ್ರೀ ಅಂಗಾತ ಮಲಗಿದ್ದರು. ಪಕ್ಕದ ಮನೆಯ ಮಕ್ಕಳ ನೋಟ್‌ಬುಕ್ಕನ್ನು ಮುಖದ ಮೇಲೆ ಎತ್ತಿ ಹಿಡಿದುಕೊಂಡು ಕೆಂಪು ಪೆನ್ನಿನಲ್ಲಿ ತಿದ್ದುತ್ತಿದ್ದರು. ಪೆನ್ನು ಮೇಲ್ಮುಖವಾಗಿ ಬರೆಯುತ್ತಿರಲಿಲ್ಲ. ಆಗಾಗ ಕೊಡವಿ ಮತ್ತೆ ಬರೆಯುತ್ತಿದ್ದರು. ನನ್ನನ್ನು ನೋಡಿ ಪುಸ್ತಕ ಕೆಳಗಿಟ್ಟರು.

"ಬನ್ನಿ ಯೋಗಣ್ಣ."

ಸುಮ್ಮನೆ ಇರಬಹುದಿತ್ತು. ಇರಲಾಗಲಿಲ್ಲ.

"ಮೇಡಂ, ನಾನು ಹೇಳ್ದೆ ಅವತ್ತು. ಇದು ಇಬ್ರು ಕೂರೋ ಸ್ಪ್ರಿಂಗ್ ಅಲ್ಲ ಅಂತ. ಯಜಮಾನ್ರು ಕೇಳ್ಲೇ ಇಲ್ಲ. ಅವರಿಗೆ ಇದೆಲ್ಲ ಗೊತ್ತಾಗಲ್ಲ."

ಅವರು ದನಿ ಏರಿಸಲಿಲ್ಲ. ಶಾಲೆಯಲ್ಲಿ ತಪ್ಪು ಲೆಕ್ಕ ಮಾಡಿದವನಿಗೆ ಹೇಳುವಂತೆ ಹೇಳಿದರು.

"ಅವರಿಗೆ ಗೊತ್ತಾಗಲ್ಲ ಅಂತ ನನಗೂ ಗೊತ್ತಿತ್ತು. ಅದಕ್ಕೇ ಯೋಗಣ್ಣ, ನಾನು ಆಟೋ ಮಾಡ್ಕೊಂಡು ನಿಮ್ಮ ಹತ್ರ ಬಂದಿದ್ದು."

ಒಳಗಿನಿಂದ ಸ್ವಾಮಿ "ಬಂದ್ಯೇನಯ್ಯಾ?" ಎಂದು ಕೂಗಿದ. ನಾನು ಹೊರಗೆ ಹೋಗಿ ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತೆ. ಫೋರ್ಕು ಬಿಚ್ಚಿದಾಗ ನಾನು ಇಟ್ಟಿದ್ದ ಪೈಪಿನ ತುಂಡು ಕೈಗೆ ಬಂತು. ಅವನು ಕೇಳದೇ ನಾನಾಗಿ ಸೇರಿಸಿದ್ದ ಆ ಅರ್ಧ ಇಂಚು ಅದರಲ್ಲಿತ್ತು.

ಈಗಲೂ ಯಾರಾದರೂ ಸಿದ್ದಲಿಂಗಸ್ವಾಮಿಯ ಮಾತು ತೆಗೆದರೆ ನಾನು ಅವನನ್ನು ಬೈಯುತ್ತೇನೆ, ಕೇಳಿದವರು ಸಾಕು ನಿಲ್ಲಿಸು ಎನ್ನುವವರೆಗೂ. ಬೈಯುತ್ತಿರುವಾಗ ಆ ಹಲಗೆಯ ಮಂಚ ಕಣ್ಣ ಮುಂದೆ ಬರುತ್ತದೆ. ಆಗ ಇನ್ನಷ್ಟು ಜೋರಾಗಿ ಬೈಯುತ್ತೇನೆ.