ಸಂಶೋಧನೆಗೆ ಮಂದಿ ಹುಡುಕಿದವರು

ಅವರ ಎಡಗಿವಿ ಪೂರ್ತಿ ಮಂದವಾಗಿತ್ತು. ಎದುರಿನವರು ಬಾಯಿ ತೆರೆದರೆ ಕತ್ತು ಹೊರಳಿಸಿ ಬಲಗಿವಿಯನ್ನು ಮುಂದೆ ಮಾಡುತ್ತಿದ್ದರು. ಆಗ ಕಣ್ಣು ಗೋಡೆಯ ಕಡೆ ಹೋಗುತ್ತಿತ್ತು. ಜಮಖಂಡಿಯ ಆ ಖಾಸಗಿ ಆಸ್ಪತ್ರೆಗೆ ಸಂದರ್ಶನಕ್ಕೆ ಹೋದ ದಿನ, ಈ ಮನುಷ್ಯನಿಗೆ ನನ್ನ ಮುಖ ನೋಡಲೂ ಇಷ್ಟವಿಲ್ಲ ಅಂದುಕೊಂಡು ನನಗೆ ಅಳುವೇ ಬಂದಿತ್ತು.

ಅವರು ಅಲ್ಲಿಯ ಎಚ್ಆರ್ ಸರ್. ನೌಕರರ ನೇಮಕ, ರಜೆ, ಪಗಾರ ನೋಡುವವರು. ಹೊಸ ಔಷಧಿಗಳನ್ನು ರೋಗಿಗಳಿಗೆ ಕೊಟ್ಟು ಪರೀಕ್ಷಿಸುವ ಸಂಶೋಧನಾ ವಿಭಾಗವನ್ನು ಆಸ್ಪತ್ರೆ ತೆರೆದಾಗ, ಪುಣೆಯಿಂದ ಕರೆಸಿದವರು ಯಾರೂ ನಿಲ್ಲಲಿಲ್ಲ. "ಇಲ್ಲಿಯವರನ್ನ ತಯಾರ ಮಾಡೂಣ್ರಿ ಡಾಕ್ಟರ್. ನಾ ಹುಡುಕತೀನಿ, ನೀವು ಕಲಿಸ್ರಿ" ಎಂದು ವಿಭಾಗದ ಮುಖ್ಯಸ್ಥರನ್ನು ಒಪ್ಪಿಸಿ, ಮುಧೋಳ, ಬೀಳಗಿ, ಬನಹಟ್ಟಿಯ ಕಾಲೇಜುಗಳಿಗೆ ಬಸ್ಸಿನಲ್ಲಿ ತಿರುಗಿದರು. ಬನಹಟ್ಟಿಯ ನೇಕಾರರ ಮನೆಯ ನಾನು ಅವರಿಗೆ ಸಿಕ್ಕಿದ್ದು ಹಾಗೆ.

ಮೊದಮೊದಲು ಕಂಪ್ಯೂಟರ್ ಮುಟ್ಟಗೊಡಲಿಲ್ಲ. ಹೊರರೋಗಿಗಳ ಬೆಂಚಿನ ಮೇಲೆ ಕೂರಿಸಿದರು. "ಬ್ಯಾನಿ ಇದ್ದವರು ಹೆಂಗ ಮಾತಾಡ್ತಾರ, ಕೇಳ್ಕೋತ ಕುಂದರವಾ. ಉಳಿದದ್ದು ಡಾಕ್ಟರ್ ಕಲಿಸ್ತಾರ."

ಕಲಿತ ಮೇಲೆ, ರೋಗಿಗಳಿಗೆ ಔಷಧಿ ಪರೀಕ್ಷೆಯ ವಿಷಯ ತಿಳಿಸಿ ಒಪ್ಪಿಗೆ ಕೇಳುವುದು ನನ್ನ ಕೆಲಸವಾಯಿತು. ಒಮ್ಮೆ ಬೀಳಗಿ ಕಡೆಯ ಮುದುಕಿಯೊಬ್ಬಳಿಗೆ ಆ ಪರೀಕ್ಷೆಯಿಂದ ಆಗಬಹುದಾದ ಒಳಿತು ಕೆಡುಕು ಎಲ್ಲ ಬಿಡಿಸಿ ಹೇಳಿದೆ. ಆಕೆ "ಒಲ್ಲೆ ಯವ್ವಾ" ಎಂದು ಎದ್ದು ಹೋದಳು. ರೋಗಿಗಳು ಸಾಲುತ್ತಿಲ್ಲವೆಂದು ಮೊದಲೇ ಸಿಟ್ಟಾಗಿದ್ದ ಆಸ್ಪತ್ರೆಯ ಮ್ಯಾನೇಜರು ನನ್ನನ್ನು ಕೆಲಸದಿಂದ ತೆಗೆಯಲು ಸರ್‌ಗೆ ಹೇಳಿದರು. ಸರ್ ಬಲಗಿವಿ ಮುಂದೆ ಮಾಡಿ ಎಲ್ಲ ಕೇಳಿಸಿಕೊಂಡು ಹೇಳಿದರು:

"ಒಲ್ಲೆ ಅನ್ನಾಕ ಬರೂವಂಗ ತಿಳಿಸಿ ಹೇಳ್ಯಾಳ್ರಿ. ಇಂಥಾಕಿನ್ನ ತಗದ್ರ ಮತ್ತ ಎಂಥಾಕಿನ್ನ ತರ್ಲಿ?"

ನನ್ನ ಕೆಲಸ ಉಳಿಯಿತು. ವಿಭಾಗ ಉಳಿಯಲಿಲ್ಲ. ಕಲಿತವರು ಒಬ್ಬೊಬ್ಬರಾಗಿ ದೊಡ್ಡ ಊರುಗಳಿಗೆ ಹೋದರು. ಕಲಿಸುವುದು ನಾವು, ಲಾಭ ಇನ್ನೊಬ್ಬರಿಗೆ ಎಂದು ಆಡಳಿತ ಮಂಡಳಿ ಅದನ್ನು ಮುಚ್ಚಿಬಿಟ್ಟಿತು. ತಾವೇ ಹುಡುಕಿ ತಂದವರ ಕೈಗೆ ಬಿಡುಗಡೆ ಪತ್ರ ಕೊಡುವ ಕೆಲಸವೂ ಸರ್ ಪಾಲಿಗೇ ಬಂತು. ನಾನು ಬೆಳಗಾವಿಯ ಆಸ್ಪತ್ರೆಯೊಂದನ್ನು ಸೇರಿದೆ.

ಕಳೆದ ವರ್ಷ ಅವರು ಅಲ್ಲಿಗೆ ರೋಗಿಯಾಗಿ ಬಂದರು. ಲಿವರ್ ಕ್ಯಾನ್ಸರ್. ಮೈ ಅರ್ಧ ಇಳಿದುಹೋಗಿತ್ತು. ನಮ್ಮಲ್ಲಿ ನಡೆಯುತ್ತಿದ್ದ ಹೊಸ ಔಷಧಿಯ ಪರೀಕ್ಷೆಗೆ ಸೇರುವ ಆಸೆ ಇಟ್ಟುಕೊಂಡಿದ್ದರು. ರಕ್ತದ ವರದಿ ನಿಯಮಕ್ಕೆ ಹೊಂದಲಿಲ್ಲ. ವೈದ್ಯರು ತಾವೇ ತಿಳಿಸುವುದಾಗಿ ಹೇಳಿದರು, ನಾನು ಬಿಡಲಿಲ್ಲ.

"ಸರ್, ಇದ್ರಾಗ ನಿಮ್ಮನ್ನ ತಗೊಳಾಕ ಬರಂಗಿಲ್ರಿ."

"ಬ್ಯಾರೇ ಏನರ ಹಾದಿ?"

"ಇಲ್ರಿ ಸರ್."

ವರದಿಯನ್ನು ಮಡಚಿ ಚೀಲದಲ್ಲಿಟ್ಟುಕೊಂಡರು. ಆಮೇಲೆ ಕೇಳಿದರು: "ಮುಂಜಾನಿಂದ ಏನರ ತಿಂದೀಯೇನವಾ?"

ಮಳೆಗಾಲಕ್ಕೆ ಮುಂಚೆ ತೀರಿಕೊಂಡರು. ಮನೆಗೆ ಹೋದಾಗ ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು ಹೇಳಿದರು: "ನೀ ಹೇಳಿದ ದಿನದಿಂದ ಗುಳಿಗಿ ಮುಟ್ಟಲಿಲ್ಲ ಯವ್ವಾ. ಹುಡುಗಿ ಖರೆ ಹೇಳ್ಯಾಳ, ಇನ್ನ ದವಾಖಾನಿ ತಿರುಗಾಟ ಸಾಕು ಅಂದ್ರು."

ದೂರುತ್ತಿದ್ದರೋ ಸಮಾಧಾನ ಹೇಳುತ್ತಿದ್ದರೋ ನನಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ. ಸರ್ ಹಚ್ಚಿಕೊಟ್ಟ ಕೆಲಸದಿಂದಲೇ ಇವತ್ತಿಗೂ ಉಣ್ಣುತ್ತಿದ್ದೇನೆ.