ಸೊಸೆಯ ಕನ್ನಡ ಪಾಠಕ್ಕೆ ಅತ್ತೆಯ ಹಾಜರಿ

ನಿಪ್ಪಾಣಿಯಲ್ಲಿ ಮರಾಠಿ ಮನೆಮಾತಿನ ದೊಡ್ಡವರಿಗೆ ನಾನು ಕನ್ನಡ ಕಲಿಸುತ್ತಿದ್ದೆ. ಶನಿವಾರ, ಭಾನುವಾರ ಕ್ಲಾಸಿನಲ್ಲಿ. ಉಳಿದ ದಿನ ಸಂಜೆ ಫೋನಿನಲ್ಲಿ. ಸಾಂಗಲಿಯಿಂದ ಪಕ್ಕದ ಭೋಜ ಗ್ರಾಮಕ್ಕೆ ಮದುವೆಯಾಗಿ ಬಂದಿದ್ದ ಸೊಸೆಯೊಬ್ಬಳು ಕಲಿಯಲು ಬರುತ್ತಿದ್ದಳು. ಫೋನಿನಲ್ಲಿ, ಕ್ಯಾಮೆರಾ ಆಫ್ ಮಾಡಿಕೊಂಡು ಆಕೆ ಆಡುವ ಕನ್ನಡ ಕೇಳಿ ನನಗೆ ನನ್ನ ಮೇಲೇ ಹೆಮ್ಮೆಯಾಗುತ್ತಿತ್ತು. ಕ್ಲಾಸಿಗೆ ಬಂದರೆ "ನನ್ನ ಹೆಸರು" ಅನ್ನುವಷ್ಟಕ್ಕೇ ನಿಂತುಬಿಡುತ್ತಿದ್ದಳು. ನಾಚಿಕೆ ಇರಬೇಕೆಂದುಕೊಂಡೆ. ದನಿಯೂ ಬೇರೆ ಅನ್ನಿಸುತ್ತಿತ್ತು. ನೆಟ್‌ವರ್ಕ್ ಸರಿ ಇಲ್ಲ ಎಂದು ಸುಮ್ಮನಾದೆ.

ಒಂದು ಶನಿವಾರ ಆಕೆಯ ಜಾಗದಲ್ಲಿ ವಯಸ್ಸಾದ ಹೆಂಗಸೊಬ್ಬರು ಬಂದು ಕೂತರು. ಸೊಸೆಯ ಹೆಸರು ಕರೆದಾಗ "ಬಂದೀನ್ರಿ" ಅಂದರು.

"ನೀವ್ಯಾರ್ರಿ ಅವ್ವಾರ?"

"ಅಕಿ ಅತ್ತಿ. ಅಕಿಗೆ ಜ್ವರ ಬಂದಾವ. ಪಾಠ ತಪ್ಪಬಾರ್ದಲ್ರಿ, ಅದಕ್ಕ ನಾ ಬಂದೀನಿ."

"ನಿಮಗ ಕನ್ನಡ ಬರ್ತೈತಲ್ರಿ."

"ಬರ್ಲಾರದ ಏನ್ರಿ. ಫೋನಿನ್ಯಾಗ ದಿನಾ ಮಾತಾಡಾಕಿ ನಾನ ಅಲ್ಲೇನ್ರಿ? ಅಕಿ ಆ ಹೊತ್ತಿಗೆ ರೊಟ್ಟಿ ಬಡೀತಿರ್ತಾಳ."

ಅವತ್ತು ಪರೀಕ್ಷೆಯಿತ್ತು. ಬಂದವರು ಏಳಲಿಲ್ಲ, ಅವರೂ ಬರೆದರು. "ಪುಸ್ತಕ ಎಲ್ಲಿದೆ?" ಎಂಬ ಪ್ರಶ್ನೆಗೆ "ಅಲ್ಲೇ ಐತಿ ನೋಡ್ರಿ" ಎಂದು ಬರೆದರು. ಉತ್ತರ ತಿದ್ದುವ ಆ್ಯಪ್ ಅದನ್ನು ತಪ್ಪೆಂದಿತು. ಹುಟ್ಟಿದಾಗಿನಿಂದ ಕನ್ನಡ ಆಡಿದವರಿಗೇ ಎಲ್ಲರಿಗಿಂತ ಕಡಿಮೆ ಅಂಕ ಬಂತು. ಕೊಲ್ಹಾಪುರದಿಂದ ವರ್ಗವಾಗಿ ಬಂದಿದ್ದ ಬ್ಯಾಂಕಿನವನು ಪಕ್ಕದಲ್ಲಿ ಕೂತು, "ಆಜಿ, 'ಇದೆ' ಅನ್ನಬೇಕು" ಎಂದು ಮರಾಠಿಯಲ್ಲಿ ಅವರಿಗೆ ಹೇಳಿಕೊಟ್ಟ.

ಕೊನೆಗೆ, ಫೋನಿನ ಪಾಠ ಬೇಕೋ, ಕ್ಲಾಸು ಬೇಕೋ, ಎರಡೂ ಇರಲೋ ಎಂದು ಎಲ್ಲರನ್ನೂ ಕೇಳಿದೆ. ಬ್ಯಾಂಕಿನವನಿಗೆ ಎರಡೂ ಬೇಕಿತ್ತು: ಫೋನಿನಲ್ಲಾದರೆ ಉತ್ತರ ನೋಡಿ ಓದಬಹುದು, ಕ್ಲಾಸಿನಲ್ಲಾದರೆ ಚಹಾ ಸಿಗುತ್ತದೆ.

"ಫೋನ್ ಬ್ಯಾಡ್ರಿ," ಅಂದರು ಅತ್ತೆ. "ನನ್ನ ಧಾರಾವಾಹಿ ತಪ್ಪತೈತಿ."

"ಮನ್ಯಾಗ ಸೊಸಿ ಜೋಡಿ ಯಾವ ಭಾಷಾ ಮಾತಾಡ್ತೀರಿ?"

"ಮರಾಠಿ. ಪಾಪ, ಅಕಿಗೆ ಕನ್ನಡ ಬರಂಗಿಲ್ಲಲ್ರಿ."

ಫೋನಿನ ಪಾಠ, ಕ್ಲಾಸು ಎರಡನ್ನೂ ಉಳಿಸಿಕೊಂಡೆ. ಇನ್ನು ಮೇಲೆ ಫೋನಿನಲ್ಲಿ ಕ್ಯಾಮೆರಾ ಹಚ್ಚಲೇಬೇಕು ಎಂದು ಹೇಳಿ ಕಳಿಸಿದೆ.

ಜ್ವರ ಬಿಟ್ಟ ಮೇಲೆ ಸೊಸೆಯ ಮುಖ ಮೊದಲ ಸಲ ಫೋನಿನಲ್ಲಿ ಕಂಡಿತು. ಹಿಂದೆ ಒಲೆಯ ಮುಂದೆ ಅತ್ತೆ ರೊಟ್ಟಿ ಬಡಿಯುತ್ತಿದ್ದರು. ನಾನು ಕೇಳಿದ್ದಕ್ಕೆಲ್ಲ ಅಲ್ಲಿಂದಲೇ ಉತ್ತರ ಕೊಡುತ್ತಿದ್ದರು. ಮೂರನೆಯ ಪ್ರಶ್ನೆಗೂ ಅವರು ಬಾಯಿ ಹಾಕಿದಾಗ ಸೊಸೆ ಹಿಂದಕ್ಕೆ ತಿರುಗಿದಳು.

"ಅತ್ತಿ, ನೀವ್ ಸುಮ್ನಿರ್ರಿ. ನಾ ಹೇಳ್ತೀನಿ."

ನಾನು ಕಲಿಸಿರದ ಮಾತು ಅದು. ಅತ್ತೆ ಹಿಟ್ಟಿನ ಕೈಯಲ್ಲೇ ಫೋನಿನ ಹತ್ತಿರ ಬಂದು, "ಕೇಳಿದ್ರಿಲ್ಲ ಸರ್? ಎಷ್ಟ ಚಂದ ಬೈದ್ಲು," ಅಂದರು.